ನದಿಯ ನೆನಪನ್ನು ಕಡೆಗಣಿಸಿದ ಲೆಕ್ಕ

ಕೃಷ್ಣಾ ನದಿಯಲ್ಲಿ ನೂರಕ್ಕೆ ಎಪ್ಪತ್ತೈದು ವರ್ಷ ಖಾತರಿಯಾಗಿ ಸಿಗುವ ನೀರು ಎಷ್ಟು? ಈ ಪ್ರಶ್ನೆಗೆ ನಮ್ಮ ದೇಶ ಎರಡು ಅಧಿಕೃತ ಉತ್ತರ ಕೊಟ್ಟಿದೆ. ಬಚಾವತ್ ನ್ಯಾಯಾಧಿಕರಣ 1973ರಲ್ಲಿ ಹೇಳಿದ್ದು 2,060 ಟಿಎಂಸಿ ಅಡಿ. ಅದರ ಮುಂದಿದ್ದದ್ದು 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವಿನ ಲೆಕ್ಕ. ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಹೇಳಿದ್ದು 2,173. ಅದು ನೋಡಿದ್ದು 1961-62ರಿಂದ 2007-08ರವರೆಗಿನ 47 ವರ್ಷಗಳನ್ನು. ನದಿ ಅದೇ, ಶೇ 75ರ ಭರವಸೆಯೂ ಅದೇ. ಆದರೂ ಎರಡು ಉತ್ತರಗಳ ನಡುವೆ 113 ಟಿಎಂಸಿ ಅಡಿ ಅಂತರ, ಅಂದರೆ ಎರಡು ಕೃಷ್ಣರಾಜಸಾಗರ ತುಂಬಿ ಮಿಗುವಷ್ಟು ನೀರು. ಲೆಕ್ಕ ಹಾಕಿದ ವಿಧಾನದ ವ್ಯತ್ಯಾಸವೂ ಇದರಲ್ಲಿ ಸೇರಿದೆ, ನಿಜ. ಆದರೆ ಯಾವ ವರ್ಷದಿಂದ ಯಾವ ವರ್ಷದವರೆಗಿನ ದಾಖಲೆ ತೆಗೆದುಕೊಳ್ಳಬೇಕು ಎಂಬುದರ ಮೇಲೆಯೇ ರಾಜ್ಯಗಳು ವಕೀಲರನ್ನಿಟ್ಟು ವಾದಿಸಿದವು. ನಲವತ್ತು ಐವತ್ತು ವರ್ಷ ಅಳೆದರೆ ನದಿಯ ಸ್ವಭಾವ ಸಿಕ್ಕೇಬಿಡುತ್ತದೆ ಎನ್ನುವುದು ನಿಜವಾಗಿದ್ದರೆ ಆ ವಾದಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ನಾನು ಖಂಡಿಸಹೊರಟಿರುವುದು ಆ ನಂಬಿಕೆಯನ್ನು. ಅದನ್ನು ಯಾರೂ ಹೀಗೆ ಬಿಡಿಸಿ ಹೇಳುವುದಿಲ್ಲ, ಆದರೆ ನಮ್ಮ ನೀರಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಪ್ರಕೃತಿ ಪ್ರತಿ ವರ್ಷವೂ ಹೊಸದಾಗಿ ದಾಳ ಉರುಳಿಸುತ್ತದೆ. ಹೋದ ವರ್ಷ ಬಿದ್ದದ್ದಕ್ಕೂ ಈ ವರ್ಷ ಬೀಳುವುದಕ್ಕೂ ಸಂಬಂಧವಿಲ್ಲ. ಹೆಚ್ಚು ಕಡಿಮೆಗಳು ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ. ಹಾಗಾಗಿ ಮೂವತ್ತು ನಲವತ್ತು ವರ್ಷಗಳ ಸರಾಸರಿ ತೆಗೆದರೆ ಅದೇ ನಿಜವಾದ ಅಳತೆ. ಇದೇ ಆ ನಂಬಿಕೆ. ಪ್ರತಿ ಜೂನ್‌ನಲ್ಲಿ ಕೇಳುವ ‘ವಾಡಿಕೆ ಮಳೆ’, ಸೇತುವೆ ಕಟ್ಟುವವರು ಹೇಳುವ ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’, ನ್ಯಾಯಾಧಿಕರಣಗಳ ‘ಭರವಸೆಯ ನೀರು’, ಬೆಳೆ ವಿಮೆಯ ಲೆಕ್ಕ, ಎಲ್ಲದರ ಬುಡದಲ್ಲೂ ಇದೇ ಇದೆ. ಈ ನಂಬಿಕೆ ತಪ್ಪು. ತಪ್ಪೆಂದು ಗೊತ್ತಾಗಿ ಎಪ್ಪತ್ತು ವರ್ಷ ದಾಟಿದೆ. ಅದರ ದಂಡವನ್ನು ತೆರುತ್ತಿರುವವರು ಲೆಕ್ಕ ಹಾಕಿದವರಲ್ಲ, ಒಣಗಿದ ಕಾಲುವೆಯ ತುದಿಯಲ್ಲಿರುವ ರೈತರು.

ಇದನ್ನು ಮೊದಲು ಅಂಕಿಗಳಲ್ಲಿ ತೋರಿಸಿದವನು ಹೆರಾಲ್ಡ್ ಎಡ್ವಿನ್ ಹರ್ಸ್ಟ್. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1880ರಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, 1906ರಲ್ಲಿ ಈಜಿಪ್ಟಿಗೆ ಹೋದವನು ಬಾಳಿನ ಬಹುಪಾಲನ್ನು ನೈಲ್ ನದಿಯ ಜೊತೆಯೇ ಕಳೆದ. ಈಜಿಪ್ಟಿನವರು ಅವನನ್ನು ನೈಲ್‌ನ ತಂದೆ ಎಂದು ಕರೆದರು. ಅವನ ಮುಂದಿದ್ದ ಪ್ರಶ್ನೆ ಇಂಜಿನಿಯರನ ಪ್ರಶ್ನೆ: ಪ್ರತಿ ವರ್ಷವೂ ನದಿಯ ಸರಾಸರಿಯಷ್ಟು ನೀರನ್ನು ತಪ್ಪದೆ ಬಿಡಬೇಕು, ಜಲಾಶಯ ಒಮ್ಮೆಯೂ ಬರಿದಾಗಬಾರದು, ಉಕ್ಕಿ ಹರಿದು ಪೋಲಾಗಲೂಬಾರದು, ಹಾಗಾದರೆ ಜಲಾಶಯ ಎಷ್ಟು ದೊಡ್ಡದಿರಬೇಕು? ಸರಾಸರಿಗಿಂತ ಹೆಚ್ಚು ಬಂದ ನೀರನ್ನು ಕೂಡುತ್ತ, ಕಡಿಮೆ ಬಿದ್ದದ್ದನ್ನು ಕಳೆಯುತ್ತ ಹೋದರೆ ಒಂದು ಮೊತ್ತ ಏರುತ್ತ ಇಳಿಯುತ್ತ ಸಾಗುತ್ತದೆ. ಆ ಮೊತ್ತ ಮುಟ್ಟಿದ ಅತಿ ಎತ್ತರಕ್ಕೂ ಅತಿ ತಗ್ಗಿಗೂ ಇರುವ ಅಂತರವೇ ಜಲಾಶಯಕ್ಕೆ ಬೇಕಾದ ಗಾತ್ರ. ವರ್ಷಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ಈ ಅಂತರ ವರ್ಷಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯಬೇಕು. ಹರ್ಸ್ಟ್ ನಾಣ್ಯಗಳನ್ನು ಚಿಮ್ಮಿ ನೋಡಿದ, ಹಾಗೆಯೇ ಬೆಳೆಯಿತು. ನೈಲ್‌ನ ದಾಖಲೆ ತೆಗೆದು ನೋಡಿದ, ಬೆಳೆಯಲಿಲ್ಲ. ಅಂತರ ಅದಕ್ಕಿಂತ ಬಹಳ ಬೇಗ ಹಿಗ್ಗುತ್ತಿತ್ತು.

ನೈಲ್‌ನಂಥ ದಾಖಲೆ ಜಗತ್ತಿನ ಇನ್ನಾವ ನದಿಗೂ ಇಲ್ಲ. ಕೈರೋ ಪಟ್ಟಣದ ರೋಡಾ ದ್ವೀಪದಲ್ಲಿ ನೀರಿನ ಮಟ್ಟ ಅಳೆಯುವ ಕಲ್ಲಿನ ಕಂಬವಿದೆ. ಈಗ ನಿಂತಿರುವ ಕಟ್ಟಡ 861ರದು, ಮಟ್ಟದ ದಾಖಲೆ 622ರಿಂದ ಸಿಗುತ್ತದೆ. ಅಲ್ಲಿಂದ 1284ರವರೆಗೆ ಹೆಚ್ಚುಕಡಿಮೆ ಬಿಡುವಿಲ್ಲದೆ ಬರೆದಿಟ್ಟಿದ್ದಾರೆ. ತೆರಿಗೆ ಎಷ್ಟು ಹಾಕಬಹುದು ಎಂದು ತಿಳಿಯಲು ಅರಸರಿಗೆ ಆ ಮಟ್ಟ ಬೇಕಿತ್ತು, ಹಾಗಾಗಿ ಉಳಿಯಿತು. ಹರ್ಸ್ಟ್ ಅಷ್ಟಕ್ಕೆ ನಿಲ್ಲಲಿಲ್ಲ. ಬೇರೆ ನದಿಗಳ ಹರಿವು, ಕೆರೆ ಸರೋವರಗಳ ಮಟ್ಟ, ಮಳೆ, ಉಷ್ಣಾಂಶ, ಮರದ ಬೆಳವಣಿಗೆಯ ಉಂಗುರಗಳು, ಕ್ರೈಮಿಯಾದ ಸಾಕಿ ಸರೋವರದ ತಳದಲ್ಲಿ ವರ್ಷ ವರ್ಷವೂ ಕೂತ ಕೆಸರಿನ ಪದರಗಳು, ಸೂರ್ಯನ ಕಲೆಗಳು, ಕೊನೆಗೆ ಗೋಧಿಯ ಬೆಲೆಯನ್ನೂ ಬಿಡಲಿಲ್ಲ. 1951ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥ ಸುಮಾರು 690 ಲೆಕ್ಕಗಳಿದ್ದವು. ಕಂಪ್ಯೂಟರ್ ಇಲ್ಲದ ಕಾಲದ ಕೈಲೆಕ್ಕ ಅದು. ವರ್ಗಮೂಲವೆಂದರೆ 0.5ರ ಘಾತ, ಅವನಿಗೆ ಸಿಕ್ಕ ಘಾತದ ಸರಾಸರಿ 0.73.

ಎರಡು ದಶಾಂಶಗಳ ಈ ಚಿಕ್ಕ ವ್ಯತ್ಯಾಸದಿಂದ ಏನಾಗುತ್ತದೆ? ನೂರು ವರ್ಷದ ಲೆಕ್ಕಕ್ಕೆ ದಾಳದ ಸೂತ್ರ ಕೇಳುವ ಜಲಾಶಯದ ಗಾತ್ರ 12.5 ಆದರೆ ಹರ್ಸ್ಟ್‌ನ ಸೂತ್ರ ಕೇಳುವುದು 17ಕ್ಕೂ ಹೆಚ್ಚು. ಸಾವಿರ ವರ್ಷಕ್ಕೆ ಒಂದು ಸುಮಾರು 40 ಎಂದರೆ ಇನ್ನೊಂದು 90ನ್ನು ದಾಟುತ್ತದೆ. ಇಲ್ಲಿ ಅಳತೆಯ ಮಾನ ಆಯಾ ನದಿಯ ವಾರ್ಷಿಕ ಏರಿಳಿತದ ಮಾನಕ ವಿಚಲನೆ. ಘಾತ 0.5ಕ್ಕಿಂತ ಹೆಚ್ಚಿದೆ ಎಂದರೆ ನೀರು ಹೆಚ್ಚಿರುವ ವರ್ಷಗಳೂ ಕಡಿಮೆಯ ವರ್ಷಗಳೂ ಗುಂಪು ಕಟ್ಟಿಕೊಂಡು ಬರುತ್ತವೆ, ಆ ಗುಂಪುಗಳು ಮತ್ತೆ ದೊಡ್ಡ ಗುಂಪುಗಳಾಗುತ್ತವೆ. ಬೆನೊಯ್ ಮ್ಯಾಂಡೆಲ್‌ಬ್ರೊ ಮತ್ತು ಜೇಮ್ಸ್ ವಾಲಿಸ್ 1968ರಲ್ಲಿ ಇದಕ್ಕೆ ಜೋಸೆಫ್ ಪರಿಣಾಮ ಎಂದು ಹೆಸರಿಟ್ಟರು. ಬೈಬಲಿನ ಕಥೆಯಲ್ಲಿ ಈಜಿಪ್ಟಿಗೆ ಏಳು ವರ್ಷ ಸಮೃದ್ಧಿ, ಬೆನ್ನಿಗೇ ಏಳು ವರ್ಷ ಬರ ಎಂದು ಜೋಸೆಫ್ ಮುಂಚಿತವಾಗಿ ಹೇಳಿದ್ದನಲ್ಲ, ಅದರಿಂದ ಬಂದ ಹೆಸರು.

ವರ್ಷಗಳು ಹೀಗೆ ಗುಂಪು ಕಟ್ಟುವುದನ್ನು ನದಿಯ ನೆನಪು ಎನ್ನಬಹುದು. ನೆನಪು ಎಂದಕೂಡಲೇ ಜನರಿಗೆ ಒಂದು ತಪ್ಪು ಕಲ್ಪನೆ ಮೂಡುತ್ತದೆ: ನದಿಗೆ ನೆನಪಿದ್ದರೆ ಅದು ಆಕಸ್ಮಿಕವಲ್ಲ, ಆಕಸ್ಮಿಕವಾಗಿದ್ದರೆ ನೆನಪಿಲ್ಲ. ಇವೆರಡೂ ಒಂದೇ ಕಡೆ ಇರಬಲ್ಲವು ಎಂಬುದನ್ನು ಹರ್ಸ್ಟ್ 1957ರಲ್ಲಿ ಇಸ್ಪೀಟ್ ಎಲೆಗಳಿಂದ ತೋರಿಸಿದ. ನನ್ನ ಮಟ್ಟಿಗೆ ಅವನ ಅತ್ಯಂತ ಆಳವಾದ ಕೆಲಸ ಅದು. 52 ಎಲೆಗಳ ಮೇಲೆ ಹೆಚ್ಚು ಕಡಿಮೆಯ ಅಂಕಿಗಳನ್ನು ಬರೆದ. ಕಲೆಸಿ ಒಂದು ಎಲೆ ಕಿತ್ತು, ಅದರ ಮೇಲಿನ ಅಂಕಿ ಎಷ್ಟೋ ಅಷ್ಟರ ಮಟ್ಟಿಗೆ ಒಂದು ಕೈಯ ಎಲೆಗಳನ್ನು ಹೆಚ್ಚಿನ ಕಡೆಗೋ ಕಡಿಮೆಯ ಕಡೆಗೋ ವಾಲಿಸಿದ. ಆ ಕೈಗೆ ಒಂದು ಜೋಕರ್ ಸೇರಿಸಿ, ಅದರಿಂದ ಒಂದೊಂದೇ ಎಲೆ ತೆಗೆದು ಅಂಕಿ ಬರೆದುಕೊಳ್ಳುತ್ತ, ಎಲೆಯನ್ನು ಹಿಂದಿಟ್ಟು ಮತ್ತೆ ಕಲೆಸುತ್ತ ಹೋದ. ಜೋಕರ್ ಬಂದ ಕೂಡಲೇ ಹಳೆಯ ಕೈಯನ್ನು ಚೆಲ್ಲಿ ಎಲ್ಲವನ್ನೂ ಮೊದಲಿನಿಂದ ಕಲೆಸಿ ಹೊಸ ವಾಲಿಕೆಯ ಹೊಸ ಕೈ ಮಾಡಿಕೊಂಡ. ಹೀಗೆ ಬಂದ ಅಂಕಿಗಳ ಸಾಲಿನ ಘಾತ 0.71. ನೈಲ್‌ನಂತೆಯೇ, ಕೆಸರಿನ ಪದರಗಳಂತೆಯೇ.

ಈ ಆಟದಲ್ಲಿ ಆಕಸ್ಮಿಕವಲ್ಲದ್ದು ಯಾವುದೂ ಇಲ್ಲ. ಎಲೆ ಬರುವುದು ಆಕಸ್ಮಿಕ, ವಾಲಿಕೆ ಆಕಸ್ಮಿಕ, ಜೋಕರ್ ಯಾವಾಗ ಬರುತ್ತದೆ ಎಂಬುದೂ ಆಕಸ್ಮಿಕ. ಆದರೂ ಒಂದು ಕೈ ಚಾಲ್ತಿಯಲ್ಲಿರುವಷ್ಟು ಹೊತ್ತು ಅಂಕಿಗಳು ಒಂದೇ ಕಡೆ ವಾಲುತ್ತವೆ. ಎದುರಿಗೆ ಕೂತು ಅಂಕಿಗಳನ್ನಷ್ಟೇ ನೋಡುವವನಿಗೆ ಯಾವ ಕೈ ನಡೆಯುತ್ತಿದೆ ಗೊತ್ತಿಲ್ಲ, ಅದು ಮುಗಿಯುವುದು ಯಾವಾಗ ಎಂದೂ ಗೊತ್ತಿಲ್ಲ. ಇಪ್ಪತ್ತೈದು ಅಂಕಿಗಳ ಸರಾಸರಿ ತೆಗೆದು ‘ಈ ಆಟದ ಸ್ವಭಾವ ಇದು’ ಎಂದು ಅವನು ಘೋಷಿಸಿದರೆ, ಅವನು ಹೇಳಿದ್ದು ಒಂದು ಕೈಯ ಸ್ವಭಾವ, ಆಟದ್ದಲ್ಲ. ನಮ್ಮ ನೀರಿನ ಒಪ್ಪಂದಗಳನ್ನು ಬರೆದಿರುವುದು ಹೀಗೆಯೇ.

ನೈಲ್‌ನಲ್ಲೇ ನೋಡಿ. ಆಸ್ವಾನ್ ಬಳಿ 1871ರಿಂದ 1898ರವರೆಗಿನ ಸರಾಸರಿ ವಾರ್ಷಿಕ ಹರಿವು ಸುಮಾರು 110 ಶತಕೋಟಿ ಘನ ಮೀಟರ್. 1899ರಿಂದ ಮುಂದಿನ ಏಳು ದಶಕಗಳದು ಸುಮಾರು 85. ಕಾರಣದ ಬಗ್ಗೆ ವಾದಗಳಿವೆ, ಇಳಿತವಂತೂ ದಾಖಲೆಯಲ್ಲಿ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಈಜಿಪ್ಟ್ ಮತ್ತು ಸೂಡಾನ್ 1959ರಲ್ಲಿ ನೀರು ಹಂಚಿಕೊಂಡಾಗ ಆಧಾರವಾಗಿಟ್ಟುಕೊಂಡ ಸರಾಸರಿ 84. ಅರವತ್ತು ವರ್ಷ ಮುಂಚೆ ಅದೇ ಮೇಜಿನ ಮುಂದೆ ಕೂತಿದ್ದರೆ 110ನ್ನು ಹಂಚಿಕೊಂಡು, ಆಮೇಲೆ ಪ್ರತಿ ವರ್ಷ ಒಬ್ಬರ ಮೇಲೊಬ್ಬರು ಕಳ್ಳತನದ ಆರೋಪ ಹೊರಿಸುತ್ತಿದ್ದರು.

ಆದರೆ ಈಜಿಪ್ಟ್ ಒಂದು ವಿಷಯದಲ್ಲಿ ನಮಗಿಂತ ಮುಂದಿತ್ತು. ಒಂದು ವರ್ಷದ ಹೆಚ್ಚನ್ನು ಮುಂದಿನ ವರ್ಷಗಳ ಕೊರತೆಗೆ ಕಾಪಿಡುವ ಬಹುವರ್ಷದ ಸಂಗ್ರಹವನ್ನು ಹರ್ಸ್ಟ್ ಮತ್ತು ಅವನ ಸಂಗಡಿಗರು ದಶಕಗಳ ಕಾಲ ಲೆಕ್ಕ ಹಾಕಿ ವಾದಿಸಿದ್ದರು. 1970ರಲ್ಲಿ ಮುಗಿದ ಆಸ್ವಾನ್ ಹೈ ಡ್ಯಾಮ್‌ನ ಹಿಂದಿನ ನಾಸರ್ ಸರೋವರ ನದಿಯ ಹೆಚ್ಚುಕಡಿಮೆ ಎರಡು ವರ್ಷದ ನೀರನ್ನು ಹಿಡಿಯುತ್ತದೆ. 1979ರಿಂದ ಶುರುವಾದ ಕೊರತೆಯ ಸಾಲು 1988ರ ಮಳೆಗಾಲ ಬರುವವರೆಗೂ ನಿಲ್ಲಲಿಲ್ಲ. ಇಥಿಯೋಪಿಯಾ ಮತ್ತು ಸೂಡಾನ್‌ಗಳಲ್ಲಿ 1984ರ ಕ್ಷಾಮ ಲಕ್ಷಾಂತರ ಜನರನ್ನು ಕೊಂದಿತು. ಅದೇ ನದಿಯ ಕೆಳಗಿದ್ದ ಈಜಿಪ್ಟ್ ಸರೋವರವನ್ನು ವಿದ್ಯುತ್ ಉತ್ಪಾದನೆ ನಿಲ್ಲುವ ಮಟ್ಟದ ಹತ್ತಿರಕ್ಕೆ ಇಳಿಸಿಕೊಂಡು ಬದುಕಿತು. ಅಣೆಕಟ್ಟೆಗಳ ಬಗ್ಗೆ ನನಗೆ ತಕರಾರುಗಳಿವೆ, ನೂಬಿಯಾದ ಜನ ಆ ಸರೋವರಕ್ಕಾಗಿ ಊರುಕೇರಿ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ಆದರೆ ಬರ ಗುಂಪಾಗಿ ಬರುತ್ತದೆಂದು ಮೊದಲೇ ಒಪ್ಪಿಕೊಂಡ ಲೆಕ್ಕಕ್ಕೂ ಒಪ್ಪದ ಲೆಕ್ಕಕ್ಕೂ ಇರುವ ವ್ಯತ್ಯಾಸ ಅಲ್ಲಿ ಜೀವಗಳಲ್ಲಿ ಕಂಡಿತು.

ಒಪ್ಪದ ಲೆಕ್ಕದ ಕಥೆ ಅಮೆರಿಕದ ಕೊಲರಾಡೊ ನದಿಯದು. 1922ರ ಒಪ್ಪಂದ ಮೇಲಿನ ರಾಜ್ಯಗಳಿಗೆ 75 ಲಕ್ಷ, ಕೆಳಗಿನವುಗಳಿಗೆ 75 ಲಕ್ಷ ಎಕರೆ-ಅಡಿ ಎಂದು ಹಂಚಿತು. ಮುಂದಿದ್ದದ್ದು ಸುಮಾರು ಎರಡು ದಶಕಗಳ ಅಳತೆ. ಮರದ ಉಂಗುರಗಳಿಂದ ನಾಲ್ಕು ಶತಮಾನಗಳ ಹರಿವನ್ನು 1976ರಲ್ಲಿ ಲೆಕ್ಕ ಹಾಕಿದಾಗ, ಆ ಎರಡು ದಶಕಗಳು ಇಡೀ ಅವಧಿಯಲ್ಲೇ ಅತಿ ಹೆಚ್ಚು ನೀರು ಹರಿದ ಕಾಲಗಳಲ್ಲೊಂದು ಎಂದೂ ದೀರ್ಘಕಾಲದ ಸರಾಸರಿ ಸುಮಾರು 135 ಲಕ್ಷ ಎಂದೂ ಗೊತ್ತಾಯಿತು. ಇಲ್ಲದ ನೀರನ್ನು ಹಂಚಿದ್ದರು.

ಈಗ ಕಾವೇರಿಗೆ ಬರೋಣ. ಕಾವೇರಿ ನ್ಯಾಯಾಧಿಕರಣದ 2007ರ ಐತೀರ್ಪಿನ ತಳಹದಿ 740 ಟಿಎಂಸಿ ಅಡಿ. ನೂರಕ್ಕೆ ಐವತ್ತು ವರ್ಷ ಸಿಗುವ ನೀರು ಅದು. ಆ ಅಂಕಿ ಬಂದದ್ದು 1934-35ರಿಂದ 1971-72ರವರೆಗಿನ 38 ವರ್ಷಗಳ ದಾಖಲೆಯಿಂದ. ವರ್ಷಗಳು ಒಂದನ್ನೊಂದು ಹಿಡಿದುಕೊಂಡು ಬರುವಾಗ ಪ್ರತಿ ವರ್ಷವೂ ಹೊಸ ಸಾಕ್ಷಿಯಾಗುವುದಿಲ್ಲ, ಬಹುಪಾಲು ಹಿಂದಿನ ವರ್ಷ ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ಹರ್ಸ್ಟ್‌ನ 0.73ನ್ನೇ ಇಟ್ಟುಕೊಂಡರೆ, ಸರಾಸರಿಯ ಮಟ್ಟಿಗೆ ನೂರು ವರ್ಷದ ದಾಖಲೆ ಸಂಬಂಧವಿಲ್ಲದ 12 ವರ್ಷಗಳಷ್ಟೇ ಸಾಕ್ಷಿ ಕೊಡುತ್ತದೆ. 38 ವರ್ಷದ ದಾಖಲೆ ಕೊಡುವುದು ಏಳು ವರ್ಷದಷ್ಟು. ಕಾವೇರಿಯ ಘಾತ ಇದಕ್ಕಿಂತ ಕಡಿಮೆ ಇರಬಹುದು ಎಂದು ಯಾರಾದರೂ ಹೇಳಲಿ, ಒಪ್ಪುತ್ತೇನೆ. ಆಗ ಏಳರ ಬದಲು ಹನ್ನೆರಡೋ ಹದಿನೈದೋ ಆಗುತ್ತದೆ. ಕರ್ನಾಟಕಕ್ಕೆ 270, ತಮಿಳುನಾಡಿಗೆ 419 ಎಂದೂ, 2018ರಲ್ಲಿ ಸುಪ್ರೀಂ ಕೋರ್ಟ್ ತಿದ್ದಿದ ಮೇಲೆ 284.75 ಮತ್ತು 404.25 ಎಂದೂ ಕಾಲು ಟಿಎಂಸಿವರೆಗೆ ಗೆರೆ ಎಳೆದಿದ್ದೇವೆ. ಅಡಿಯಲ್ಲಿರುವ 740ಕ್ಕೆ ಎಷ್ಟು ಅನಿಶ್ಚಿತತೆ ಇದೆ ಎಂಬ ಒಂದು ಅಂಕಿಯನ್ನು ಈ ಹಂಚಿಕೆಯ ಪಕ್ಕದಲ್ಲಿ ಬರೆದಿಟ್ಟಿಲ್ಲ.

ಸಂಕಷ್ಟದ ವರ್ಷದಲ್ಲಿ ಎಲ್ಲರ ಪಾಲನ್ನೂ ಅನುಪಾತದಲ್ಲಿ ಕಡಿಮೆ ಮಾಡಿ ಎಂದು ಐತೀರ್ಪು ಹೇಳುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಮಾತಿನಲ್ಲಿ ಸಂಕಷ್ಟವೆಂದರೆ ಒಂದು ವರ್ಷ. ಜೂನ್ ಒಂದಕ್ಕೆ ಹೊಸ ಜಲವರ್ಷ, ಹೊಸ ಲೆಕ್ಕ. ಕಾವೇರಿ ಕಣಿವೆಯಲ್ಲಿ 2001ರಿಂದ 2004ರವರೆಗೆ ಮೂರು ಜಲವರ್ಷ ಸತತವಾಗಿ ನೀರಿನ ಕೊರತೆಯಿತ್ತು. ಮತ್ತೆ 2015-16 ಮತ್ತು 2016-17 ಜೋಡಿಯಾಗಿ ಬಂದವು. ಐದು ವರ್ಷಕ್ಕೊಮ್ಮೆ ಬರುವಂಥ ಬರ ಸತತ ಮೂರು ವರ್ಷ ಬರುವ ಸಂಭವ, ದಾಳದ ಲೆಕ್ಕದಲ್ಲಿ, 125ರಲ್ಲಿ ಒಂದು. ಗುಂಪಾಗಿ ಬರುವ ಬರದ ಲೆಕ್ಕದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮೊದಲ ಬರದ ವರ್ಷ ಜಲಾಶಯವನ್ನು ಬರಿದು ಮಾಡುತ್ತದೆ, ಎರಡನೆಯದು ಅಂತರ್ಜಲವನ್ನು, ಮೂರನೆಯದು ಮನೆಯ ಬಂಗಾರವನ್ನು. ಮೂರನೆಯ ವರ್ಷದ ಬರ ಮೊದಲ ವರ್ಷದ್ದರಂತೆಯೇ ಎಂದು ಭಾವಿಸುವ ಸೂತ್ರ ಸಂಕಷ್ಟವನ್ನು ಅಳೆಯುವುದೇ ಇಲ್ಲ. ನಾಸರ್ ಸರೋವರದಂಥ ಬಹುವರ್ಷದ ಸಂಗ್ರಹ ಈ ಕಣಿವೆಯಲ್ಲಿಲ್ಲ. ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ ನಾಲ್ಕೂ ಸೇರಿ ಸುಮಾರು 114 ಟಿಎಂಸಿ ಅಡಿ, ಮೆಟ್ಟೂರು ಸುಮಾರು 93. ನದಿಯ ಒಂದು ವರ್ಷದ ನೀರಿನ ಮೂರನೇ ಒಂದು ಪಾಲೂ ಆಗಲಿಲ್ಲ. ವರ್ಷದಿಂದ ವರ್ಷಕ್ಕೆ ನೀರು ದಾಟಿಸಬಲ್ಲದ್ದು ನಮ್ಮಲ್ಲಿ ನೆಲದಡಿಯ ನೀರೊಂದೇ. ಅದನ್ನು ಸಾವಿರ ಅಡಿ ಕೊಳವೆಬಾವಿಗಳಿಂದ, ಮಳೆ ಚೆನ್ನಾಗಿ ಬಂದ ವರ್ಷಗಳಲ್ಲೂ ಬಿಡದೆ, ಹೀರುತ್ತಿದ್ದೇವೆ.

ನನ್ನ ವಾದಕ್ಕೆ ಆಕ್ಷೇಪಗಳಿವೆ, ಬಲವಾದವೇ ಇವೆ. ಮುಂಗಾರು ಮಳೆಯ ವಿಷಯದಲ್ಲಿ ಹೋದ ವರ್ಷಕ್ಕೂ ಈ ವರ್ಷಕ್ಕೂ ಸಂಬಂಧ ತೀರ ಕಡಿಮೆ. ದೇಶದ ಒಟ್ಟು ಮಳೆಯ ದಾಖಲೆ ಬಹುಮಟ್ಟಿಗೆ ದಾಳದಂತೆಯೇ ಕಾಣುತ್ತದೆ ಎನ್ನುತ್ತಾರೆ. ಪಕ್ಕಪಕ್ಕದ ವರ್ಷಗಳನ್ನು ಹೋಲಿಸಿದರೆ ಅದು ಸರಿ. ಆದರೆ ದೀರ್ಘ ನೆನಪು ಇರುವುದು ಪಕ್ಕದ ವರ್ಷದಲ್ಲಲ್ಲ, ದಶಕಗಳ ಉದ್ದಕ್ಕೆ ಹರಡಿದ ಸಣ್ಣ ವಾಲಿಕೆಯಲ್ಲಿ. ಹವಾಮಾನ ಇಲಾಖೆಯ ದೇಶಮಟ್ಟದ ವಾಡಿಕೆ ಮುಂಗಾರು ಮಳೆ 1951-2000ರ ದಾಖಲೆಯ ಪ್ರಕಾರ 89 ಸೆಂಟಿಮೀಟರ್, 1961-2010ರ ಪ್ರಕಾರ 88, 1971-2020ರ ಪ್ರಕಾರ 87. ಐವತ್ತು ವರ್ಷದ ಸರಾಸರಿ ಹತ್ತು ವರ್ಷ ಸರಿದರೆ ಒಂದು ಸೆಂಟಿಮೀಟರ್ ಸರಿಯುತ್ತದೆ. ಒಣ ಮತ್ತು ಹಸಿ ದಶಕಗಳ ಸಾಲುಗಳಿವೆ ಎಂದು ಇಲಾಖೆಯೇ ಹೇಳುತ್ತದೆ. ಮೇಲಾಗಿ ರೈತ ಬದುಕುವುದು ದೇಶದ ಒಟ್ಟು ಮಳೆಯ ಮೇಲಲ್ಲ. ಮಣ್ಣು, ಕೆರೆ, ಅಂತರ್ಜಲಗಳು ಮಳೆಯನ್ನು ಕೂಡಿಟ್ಟು ನಿಧಾನವಾಗಿ ಬಿಡುತ್ತವೆ. ಮಳೆಯಲ್ಲಿ ಇಲ್ಲದ ನೆನಪು ನದಿಯಲ್ಲಿ ಬಂದು ಸೇರುತ್ತದೆ. ಸಂಗ್ರಹವೇ ಇಂಥ ನೆನಪನ್ನು ಹುಟ್ಟಿಸಬಲ್ಲದು ಎಂದು ಜಲವಿಜ್ಞಾನಿ ವಿಟ್ ಕ್ಲೆಮೆಶ್ 1974ರಲ್ಲೇ ತೋರಿಸಿದ.

ಕ್ಲೆಮೆಶ್ ಇನ್ನೊಂದನ್ನೂ ಹೇಳಿದ: ಸರಾಸರಿಯೇ ಆಗಾಗ ಬದಲಾಗುತ್ತಿದ್ದರೂ ಹರ್ಸ್ಟ್ ಕಂಡ ಘಾತ ಸಿಗುತ್ತದೆ. ರಬಿ ಭಟ್ಟಾಚಾರ್ಯ, ವಿಜಯ್ ಗುಪ್ತ ಮತ್ತು ಎಡ್ ವೇಮೈರ್ 1983ರಲ್ಲಿ ಇದನ್ನು ಗಣಿತದಿಂದ ಸಾಧಿಸಿದರು. ನೆನಪೇ ಇಲ್ಲದ ಸರಣಿಗೆ ನಿಧಾನವಾಗಿ ಕರಗುವ ಒಂದು ಸಣ್ಣ ವಾಲಿಕೆಯನ್ನು ಸೇರಿಸಿದರೆ ಸಾಕು, ದೀರ್ಘ ನೆನಪಿದ್ದಂತೆಯೇ ಕಾಣುತ್ತದೆ. ಹಾಗಾದರೆ ನೆನಪು ಎಂಬುದೇ ಭ್ರಮೆಯಲ್ಲವೇ ಎಂದು ಕೇಳುವವರಿದ್ದಾರೆ. ನದಿ ಯಾವ ಯಂತ್ರದಿಂದ ಹೀಗೆ ನಡೆಯುತ್ತಿದೆ ಎಂಬುದು ವಿಜ್ಞಾನಕ್ಕೆ ದೊಡ್ಡ ಪ್ರಶ್ನೆ, ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ನೀರು ಹಂಚುವವನಿಗೆ ಈ ಆಕ್ಷೇಪದಿಂದ ಯಾವ ಆಶ್ರಯವೂ ಸಿಗುವುದಿಲ್ಲ. ನೆನಪು ನಿಜವಾದರೆ 38 ವರ್ಷದ ಸರಾಸರಿ ನಂಬಲರ್ಹವಲ್ಲ. ಸರಾಸರಿಯೇ ಬದಲಾಗುತ್ತಿದ್ದರೆ 38 ವರ್ಷದ ಹಳೆಯ ಸರಾಸರಿ ಇನ್ನೂ ನಂಬಲರ್ಹವಲ್ಲ. ಎರಡರಲ್ಲಿ ಯಾವುದು ಗೆದ್ದರೂ ಸೋಲುವುದು ಇಂದಿನ ಪದ್ಧತಿಯೇ.

ದಾಳದ ನಂಬಿಕೆಗೆ ಬೆನ್ನಿಗೆ ಬೆನ್ನು ತಾಗಿಸಿ ನಿಂತ ಇನ್ನೊಂದು ನಂಬಿಕೆಯಿದೆ. ಒಂದು ಸಾಲು ಒಣ ವರ್ಷಗಳು ಬಂದವೆಂದರೆ ಅದರ ಹಿಂದೆ ಚಕ್ರವೊಂದು ಇರಲೇಬೇಕು, ಇಷ್ಟು ವರ್ಷಕ್ಕೆ ತಿರುಗಿ ಬರಲೇಬೇಕು ಎನ್ನುವುದು. ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಕ್ಷಾಮ, ಅಂದರೆ 1876-78ರದು, ಮೈಸೂರು ಸಂಸ್ಥಾನವನ್ನು ಹಾಳುಗೆಡವಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಜನಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಜನ ಸಾಯುತ್ತಿದ್ದಾಗಲೇ, 1877ರಲ್ಲಿ, ನಾರ್ಮನ್ ಲಾಕಿಯರ್ ಮತ್ತು ವಿಲಿಯಂ ಹಂಟರ್ ಲಂಡನ್ನಿನ ಪತ್ರಿಕೆಯೊಂದರಲ್ಲಿ ಮದ್ರಾಸಿನ ಕ್ಷಾಮಗಳು ಸೂರ್ಯನ ಕಲೆಗಳ ಹನ್ನೊಂದು ವರ್ಷದ ಚಕ್ರಕ್ಕೆ ಕಟ್ಟುಬಿದ್ದಿವೆ ಎಂದು ಬರೆದರು. ಅಳೆದ ಕಾಲ ಚಿಕ್ಕದು, ಕಂಡ ಅಲೆಗಳು ಕೆಲವು, ತೀರ್ಮಾನ ದೊಡ್ಡದು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಇಂಥ ಚಕ್ರಗಳ ಬೆನ್ನುಬಿದ್ದವರಿಗೆ 1914ರಲ್ಲೇ ಒಂದು ಎಚ್ಚರಿಕೆ ಕೊಟ್ಟ: ಹತ್ತಾರು ಅವಧಿಗಳನ್ನು ಪರೀಕ್ಷಿಸಿ ಎಲ್ಲಕ್ಕಿಂತ ಚೆನ್ನಾಗಿ ಕೂತದ್ದನ್ನು ಆರಿಸಿಕೊಂಡರೆ, ಅದು ಬರೀ ಆಕಸ್ಮಿಕದಿಂದಲೇ ಚೆನ್ನಾಗಿ ಕೂತಿರುತ್ತದೆ. ಮಾಸ್ಕೋದಲ್ಲಿ ಎವ್ಗೆನಿ ಸ್ಲುಟ್ಸ್ಕಿ 1927ರಲ್ಲಿ ಲಾಟರಿಯಲ್ಲಿ ಗೆದ್ದ ಅಂಕಿಗಳನ್ನು ತೆಗೆದುಕೊಂಡು, ಹತ್ತು ಹತ್ತನ್ನು ಒಟ್ಟಿಗೆ ಕೂಡುತ್ತ ಹೋದ. ಬಂದ ಅಲೆಗಳು ಇಂಗ್ಲೆಂಡಿನ ವ್ಯಾಪಾರದ ಏರಿಳಿತದಂತೆಯೇ ಕಂಡವು. ಲಾಟರಿಯ ಅಂಕಿಗಳಲ್ಲಿ ಯಾವ ಚಕ್ರವೂ ಇರಲಿಲ್ಲ.

ದಾಳದವರೂ ಚಕ್ರದವರೂ ಒಂದೇ ಮಾತನ್ನು ಒಪ್ಪಿದ್ದಾರೆ: ಆಕಸ್ಮಿಕವೆಂದರೆ ಚೆದುರಿದ್ದು, ಸಾಲುಗಟ್ಟಿದ್ದು ಆಕಸ್ಮಿಕವಾಗಿರಲಾರದು. ಹರ್ಸ್ಟ್‌ನ ಇಸ್ಪೀಟ್ ಎಲೆಗಳು ಇಬ್ಬರನ್ನೂ ಸುಳ್ಳುಮಾಡುತ್ತವೆ. ಸಾಲು ಬರುತ್ತದೆ, ಆದರೆ ಅದರ ಉದ್ದ ಮುಂಚೆ ಗೊತ್ತಿರುವುದಿಲ್ಲ. ಇದನ್ನು ಅರಿಯದಿದ್ದರೆ ಹಣವೂ ಪೋಲಾಗುತ್ತದೆ. ಒಡಿಶಾದಲ್ಲಿ ಬ್ರಾಹ್ಮಣಿ ನದಿ 1926ರಲ್ಲಿ ಉಕ್ಕಿದಾಗ ಇಂಜಿನಿಯರುಗಳು ನದಿಯ ತಳವೇ ಏರಿದೆ, ದಂಡೆಗಳನ್ನು ಎತ್ತರಿಸಬೇಕು ಎಂದರು. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್ ಸುಮಾರು ಅರವತ್ತು ವರ್ಷದ ಮಳೆ ಮತ್ತು ಪ್ರವಾಹದ ದಾಖಲೆ ಹರಡಿಕೊಂಡು, ತಳ ಏರಿದ್ದಕ್ಕೆ ಆಧಾರವಿಲ್ಲ, ಮೇಲಿನ ಜಲಾನಯನದಲ್ಲಿ ಬಿದ್ದ ಅಸಾಧಾರಣ ಮಳೆಯೇ ಕಾರಣ ಎಂದು ತೋರಿಸಿದರು.

ಈ ವಾದವನ್ನೇ ಎತ್ತಿಕೊಂಡು, ನದಿಗೂ ವಾತಾವರಣಕ್ಕೂ ದೀರ್ಘ ನೆನಪಿದೆ, ಭೂಮಿ ಬಿಸಿಯಾಗುತ್ತಿರುವುದೂ ಅಂಥದೇ ಒಂದು ಸಾಲು, ಮನುಷ್ಯನ ಪಾಲೇನೂ ಇಲ್ಲ ಎನ್ನುವವರಿದ್ದಾರೆ. ಅವರನ್ನು ನಾನು ಅಷ್ಟೇ ಕಟುವಾಗಿ ವಿರೋಧಿಸುತ್ತೇನೆ. ಭೂಮಿ ಬಿಸಿಯಾಗಲು ನಾವು ಕಾರಣ ಎಂಬ ತೀರ್ಮಾನ ಒಂದು ಗೆರೆ ಮೇಲೇರಿದ್ದರಿಂದ ಬಂದದ್ದಲ್ಲ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೇಗೆ ಹಿಡಿಯುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಿಂದ ಗೊತ್ತಿರುವ ಭೌತಶಾಸ್ತ್ರ. ನೆಲದ ಹತ್ತಿರದ ಗಾಳಿ ಕಾಯುತ್ತಿರುವಾಗಲೇ ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ತನ್ನಷ್ಟಕ್ಕೆ ಅಲೆಯುವ ಏರಿಳಿತ ಇಂಥ ಗುರುತು ಬಿಡುವುದಿಲ್ಲ. ಒಂದು ಜಿಲ್ಲೆಯ ಇಪ್ಪತ್ತು ವರ್ಷದ ಮಳೆಯ ಗೆರೆ ತೋರಿಸಿ ‘ನೋಡಿ ಹವಾಮಾನ ಬದಲಾವಣೆ’ ಎನ್ನುವುದು ಅವಸರದ ಮಾತು, ಅದನ್ನೂ ಒಪ್ಪಲಾರೆ. ಆದರೆ ತಾನಾಗಿಯೇ ಇಷ್ಟು ದೂರ ವಾಲಬಲ್ಲ ವ್ಯವಸ್ಥೆಯನ್ನು ನಾವು ಒಂದೇ ಕಡೆಗೆ ತಳ್ಳುತ್ತಿದ್ದೇವೆ ಎಂದರೆ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈ ತಪ್ಪು ಲೆಕ್ಕ ಬಡವನ ಅಂಗಳದಲ್ಲಿ ಏನು ಮಾಡುತ್ತದೆ ನೋಡಬೇಕಾದರೆ ಬೆಳೆ ವಿಮೆಯನ್ನು ನೋಡಬೇಕು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವ ಇಳುವರಿಯನ್ನು ಹಿಂದಿನ ಏಳು ವರ್ಷಗಳ ಪೈಕಿ ಒಳ್ಳೆಯ ಐದು ವರ್ಷಗಳ ಸರಾಸರಿಯಿಂದ ನಿಗದಿ ಮಾಡುತ್ತಾರೆ. ಒಂದೋ ಎರಡೋ ಕೆಟ್ಟ ವರ್ಷಗಳು ಚೆದುರಿ ಬಂದರೆ ಅವನ್ನು ಬಿಟ್ಟುಹಾಕಿದಂತಾಗುತ್ತದೆ, ಸೂತ್ರ ರೈತನ ಪರವಾಗಿದೆ. ಏಳರಲ್ಲಿ ನಾಲ್ಕು ಬರದ ವರ್ಷಗಳಾದರೆ? ಆಗ ಆ ‘ಒಳ್ಳೆಯ ಐದರಲ್ಲಿ’ ಎರಡಾದರೂ ಬರದ ವರ್ಷಗಳೇ ಆಗಿರುತ್ತವೆ. ಗೆರೆ ಕೆಳಗಿಳಿಯುತ್ತದೆ. ಐದನೆಯ ಬರದ ವರ್ಷದಲ್ಲಿ ಹೊಲ ಅಷ್ಟೇ ಒಣಗಿದ್ದರೂ ಕಾಗದದ ಮೇಲೆ ನಷ್ಟ ಕಡಿಮೆ, ಪರಿಹಾರವೂ ಕಡಿಮೆ. ವಿಮೆ ಅತ್ಯಂತ ಬೇಕಾದ ಹೊತ್ತಿಗೆ ವಿಮೆ ಕರಗುತ್ತದೆ. ಯಾರೂ ಕೇಡು ಬಗೆದು ಈ ಸೂತ್ರ ಮಾಡಿಲ್ಲ. ಬರ ಬಿಡಿಬಿಡಿಯಾಗಿ ಬರುತ್ತದೆ ಎಂದು ನಂಬಿದವರು ಮಾಡಿದ ಸೂತ್ರ ಇದು, ಅಷ್ಟೇ.

ನಮ್ಮ ಹಿಂದಿನವರು ಬರವನ್ನು ಬಿಡಿಯಾಗಿ ಕಂಡವರಲ್ಲ. ಉತ್ತರದಲ್ಲಿ ಹನ್ನೆರಡು ವರ್ಷದ ಕ್ಷಾಮ ಬರಲಿದೆ ಎಂದರಿತು ಭದ್ರಬಾಹು ಮುನಿ ತನ್ನ ಸಂಘವನ್ನು ದಕ್ಷಿಣಕ್ಕೆ ನಡೆಸಿದ ಎಂಬುದು ಶ್ರವಣಬೆಳಗೊಳದ ಪರಂಪರೆ. ವಡ್ಡಾರಾಧನೆಯಲ್ಲೂ ಅವನ ಕಥೆಯಿದೆ. ದಖ್ಖನ್ನಿನಲ್ಲಿ 1396ರಲ್ಲಿ ಶುರುವಾಯಿತೆನ್ನುವ ದುರ್ಗಾದೇವಿ ಬರವನ್ನೂ ಜನ ಹನ್ನೆರಡು ವರ್ಷದ್ದೆಂದೇ ನೆನೆದರು. ಹನ್ನೆರಡು ಎಂಬ ಅಂಕಿಯನ್ನು ನಾನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಬರ ಒಮ್ಮೆ ಕೂತರೆ ಬೇಗ ಏಳುವುದಿಲ್ಲ ಎಂಬ ಅನುಭವ ಆ ಅಂಕಿಯೊಳಗಿದೆ. ಕಣಜ, ಹಗೇವು, ಕೆರೆಗಳ ಸರಪಳಿಗಳು ಆ ಅನುಭವಕ್ಕೆ ಕೊಟ್ಟ ಉತ್ತರ.

ಹಾಗಾಗಿ ನಾನು ಕೇಳುವುದು ಇಷ್ಟು. ಯಾವ ನದಿಯ ಅಂಕಿಯನ್ನೇ ಆಗಲಿ, ಅದರ ಅನಿಶ್ಚಿತತೆಯ ಹರವನ್ನು ಪಕ್ಕದಲ್ಲಿ ಬರೆಯದೆ ನ್ಯಾಯಾಲಯದ ಮುಂದಿಡಬಾರದು. ಆ ಹರವನ್ನು ಲೆಕ್ಕ ಹಾಕುವಾಗ ವರ್ಷಗಳು ಸ್ವತಂತ್ರವೆಂದು ಊಹಿಸಬಾರದು. ಸಂಕಷ್ಟ ಸೂತ್ರ ಒಂದು ವರ್ಷದ್ದಾಗಿರಬಾರದು. ಎರಡನೆಯ, ಮೂರನೆಯ ಬರದ ವರ್ಷಕ್ಕೆ ಬೇರೆ ನಿಯಮ ಬೇಕು, ಕುಡಿಯುವ ನೀರಿಗೂ ನಿಂತ ಬೆಳೆಗೂ ಎಷ್ಟೆಷ್ಟು ಎಂದು ಬರ ಬರುವ ಮೊದಲೇ ಬರೆದಿಡಬೇಕು. ಬೆಳೆ ವಿಮೆಯ ಗೆರೆ ಏಳು ವರ್ಷದ ಬಾಲ ಹಿಡಿದು ಇಳಿಯದಂತೆ ಅದಕ್ಕೊಂದು ತಳ ಹಾಕಬೇಕು. ಮಳೆ ಚೆನ್ನಾಗಿರುವ ವರ್ಷಗಳಲ್ಲಿ ಅಂತರ್ಜಲ ಎತ್ತುವುದಕ್ಕೆ ಮಿತಿ ಬೇಕು, ಏಕೆಂದರೆ ಕೂಡಿಡುವುದಿದ್ದರೆ ಆಗಲೇ. ಮರದ ಉಂಗುರ, ಕೆರೆಯ ಕೆಸರು, ಶಾಸನ, ಕಂದಾಯದ ಕಡತಗಳಿಂದ ಕಾವೇರಿ ಮತ್ತು ಕೃಷ್ಣೆಯ ಹಿಂದಿನ ಶತಮಾನಗಳನ್ನು ಓದುವ ಕೆಲಸಕ್ಕೆ ಹಣ ಕೊಡಬೇಕು.

ಕಾವೇರಿ ಹಂಚಿಕೆ ಹದಿನೈದು ವರ್ಷ ಬದಲಾಗದು ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿತು. ಆ ಗಡುವು 2033ಕ್ಕೆ ಮುಗಿಯುತ್ತದೆ. ಕೃಷ್ಣೆಯ ಎರಡನೆಯ ಐತೀರ್ಪು ಮರುಪರಿಶೀಲನೆಗೆ ಕೊಟ್ಟಿರುವ ದಿನ 2050ರ ಮೇ 31ರ ನಂತರ. ಆಗ ಮತ್ತೆ ಎರಡೂ ಕಡೆಯವರು ತಮಗೆ ಅನುಕೂಲವಾದ ವರ್ಷಗಳ ಪಟ್ಟಿ ಹಿಡಿದು ಬರುತ್ತಾರೆ, ಒಂದು ಪಟ್ಟಿಯನ್ನು ನ್ಯಾಯಪೀಠ ಆರಿಸಬೇಕಾಗುತ್ತದೆ. ಯಾವ ಪಟ್ಟಿಯೂ ನದಿಯಷ್ಟು ಉದ್ದವಿಲ್ಲ ಎಂದು ಆ ಪೀಠದ ಮುಂದೆ ಹೇಳಬಲ್ಲ ಜಲವಿಜ್ಞಾನಿಗಳನ್ನು ಕರ್ನಾಟಕ ಈಗಿನಿಂದಲೇ ಸಿದ್ಧಪಡಿಸಬೇಕು. ತನಗೆ ಅನುಕೂಲವಾದ ಪಟ್ಟಿಯ ಬಗ್ಗೆಯೂ ಅದೇ ಮಾತನ್ನು ಅವರು ಹೇಳುವಂತಿರಬೇಕು.